ಸಾಂದ್ರತೆ ಸರಿಯಿದ್ದರೂ ಮೂಳೆ ಮುರಿದದ್ದು ಯಾಕೆ?

ಅಜ್ಜಿಯ ಮೂಳೆ ಸಾಂದ್ರತೆಯ ವರದಿ ಚೆನ್ನಾಗಿತ್ತು, ಆದರೂ ಸುಮ್ನೆ ಜಾರಿ ಬಿದ್ದದ್ದಕ್ಕೇ ಮುಂಗೈ ಮುರಿಯಿತು, ಹೇಗೆ ಅಂತ ಕೇಳಿದ್ದೀರಿ. ಆ ಪರೀಕ್ಷೆ ಅಳೆಯುವುದು ಖನಿಜವನ್ನು ಮಾತ್ರ. ಮೂಳೆಯ ಗಟ್ಟಿತನ ಅಷ್ಟರಲ್ಲೇ ಇಲ್ಲ.

ಅಮೆರಿಕದ ಬರ್ಕ್ಲಿಯ ವಸ್ತು ವಿಜ್ಞಾನಿ ರಾಬರ್ಟ್ ರಿಚಿ ಮೂಳೆಯಲ್ಲಿ ಬಿರುಕು ಹೇಗೆ ಸಾಗುತ್ತದೆ ಅಂತ ವರ್ಷಗಟ್ಟಲೆ ನೋಡಿದವರು. ಗಟ್ಟಿ ಮೂಳೆಯ ಒಳಗೆ ಉದ್ದಕ್ಕೂ ಸಣ್ಣ ಕೊಳವೆಗಳಿವೆ. ಒಂದೊಂದೂ ಸುಮಾರು 0.2 ಮಿಲಿಮೀಟರ್ ಅಗಲ. ಅಡ್ಡಕ್ಕೆ ಬರುವ ಬಿರುಕು ಕೊಳವೆಯ ಅಂಚು ಮುಟ್ಟಿದರೆ ನೇರ ಹೋಗುವುದಿಲ್ಲ, ಪಕ್ಕಕ್ಕೆ ತಿರುಗುತ್ತದೆ. ಅಂಕುಡೊಂಕಾಗಿ ಅಲೆಯುವಷ್ಟರಲ್ಲಿ ಅದರ ಜೋರು ಇಳಿಯುತ್ತದೆ. ಸೌದೆ ಸೀಳಿದವರಿಗೆ ಗೊತ್ತಲ್ವಾ, ಉದ್ದಕ್ಕೆ ಸುಲಭ, ಅಡ್ಡಕ್ಕೆ ಕಷ್ಟ. ಮೂಳೆಯೂ ಹಾಗೇ.

ಇದಕ್ಕಿಂತ ಒಳಗೆ, ಬರಿಗಣ್ಣಿಗೆ ಕಾಣದ, ಕೊಲಾಜೆನ್ ಅನ್ನುವ ಪ್ರೋಟೀನಿನ ಎಳೆಗಳಿವೆ. ಪೆಟ್ಟು ಬಿದ್ದಾಗ ಅವು ಒಂದರ ಪಕ್ಕ ಒಂದು ಸ್ವಲ್ಪ ಜಾರಿ ಹೊಡೆತ ನುಂಗುತ್ತವೆ. ವಯಸ್ಸಾದಂತೆ ಎಳೆಗಳ ನಡುವೆ ಕೊಂಡಿಗಳು ಜಾಸ್ತಿಯಾಗಿ ಆ ಜಾರುವಿಕೆ ಕಡಿಮೆಯಾಗುತ್ತದೆ. ಬಿರುಕೂ ಮೊದಲಿನಷ್ಟು ತಿರುಗುವುದಿಲ್ಲ. ಖನಿಜ ಅಷ್ಟೇ ಇದ್ದರೂ ಮೂಳೆ ಪೆಡಸಾಗುವುದು ಹೀಗೆ.

ವರದಿ ಸುಳ್ಳಲ್ಲ, ಅರ್ಧ ಕಥೆ ಅಷ್ಟೇ. ಒಮ್ಮೆ ಹೀಗೆ ಮುರಿದಿದೆ ಎನ್ನುವುದನ್ನು ವೈದ್ಯರಿಗೆ ಖಂಡಿತ ಹೇಳಿ. ಬಚ್ಚಲಲ್ಲಿ ಹಿಡಿಕೆ ಹಾಕಿಸಿ.