ಕೆಮ್ಮುವವರಿಗೇ ಮೊದಲು ಮಾಸ್ಕ್

ಓದುಗರ ಪ್ರಶ್ನೆಗಳಿಗೆ ಹುಬ್ಬಳ್ಳಿಯ ನಿವೃತ್ತ ವಾರ್ಡ್ ಸಿಸ್ಟರ್ ಒಬ್ಬರ ಉತ್ತರ

ಪ್ರಶ್ನೆ: ಸಿಸ್ಟರ್, ಹೋದ ತಿಂಗಳು ನಮ್ಮ ಅತ್ತೆಯವರನ್ನು ಕಾಲಿನ ಆಪರೇಷನ್‌ಗೆ ಅಡ್ಮಿಟ್ ಮಾಡಿದ್ದೆವು. ಪಕ್ಕದ ಕಾಟಿನ ಅಜ್ಜ ರಾತ್ರಿಯೆಲ್ಲ ಕೆಮ್ಮುತ್ತಿದ್ದರು. ನಾನು ಮಾಸ್ಕ್ ಹಾಕಿಕೊಂಡೆ, ಅತ್ತೆಗೂ ಹಾಕಿದೆ. ಅವರು ಉಸಿರು ಕಟ್ಟುತ್ತದೆ ಅಂತ ಕಿತ್ತು ಒಗೆದರು. ಅಜ್ಜನಿಗೆ ಹಾಕಿಕೊಳ್ಳಿ ಅನ್ನಲು ಸಂಕೋಚ ಆಯಿತು. ನಾನು ಮಾಡಿದ್ದು ಸರಿಯಾ?
— ಗೃಹಿಣಿ, ಬೆಟಗೇರಿ

ಉತ್ತರ: ಅರ್ಧ ಸರಿ, ತಂಗಿ. ನೀನು ಹಾಕಿಕೊಂಡಿದ್ದು ತಪ್ಪಲ್ಲ. ಆದರೆ ಮೊದಲು ಬೇಕಾಗಿದ್ದು ಅಜ್ಜನ ಬಾಯಿಗೆ. ನಮ್ಮ ಕಡೆ ಹಾಗೆ ಹೇಳಿದರೆ "ನನಗೇನು ರೋಗ ಹತ್ತೇತೇನು" ಅಂತ ಮುಖ ಸಿಂಡರಿಸುತ್ತಾರೆ, ಅದೂ ಗೊತ್ತು.

ಇದಕ್ಕೆ ಒಂದು ಒಳ್ಳೆಯ ಪುರಾವೆ ಇದೆ, 2012ರಲ್ಲಿ ಪ್ರಕಟವಾಗಿದ್ದು. ದಕ್ಷಿಣ ಆಫ್ರಿಕಾದ ಒಂದು ಟಿಬಿ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಹಾಯಿಸಿ ಗಿನಿ ಇಲಿಗಳ ಎರಡು ಕೋಣೆಗಳಿಗೆ ಬಿಟ್ಟರು, ಒಂದೊಂದು ಕೋಣೆಯಲ್ಲಿ 90 ಇಲಿ. ರೋಗಿಗಳು ಒಂದು ದಿನ ಮಾಸ್ಕ್ ಹಾಕುವುದು, ಮರುದಿನ ಬಿಡುವುದು. ಹಾಕಿದ ದಿನದ ಗಾಳಿ ಒಂದು ಕೋಣೆಗೆ, ಬಿಟ್ಟ ದಿನದ ಗಾಳಿ ಇನ್ನೊಂದಕ್ಕೆ. ಮಾಸ್ಕ್ ಇಲ್ಲದ ಗಾಳಿ ಕುಡಿದ 90ರಲ್ಲಿ 69 ಇಲಿಗಳಿಗೆ ಸೋಂಕು ತಗುಲಿತು, ಮಾಸ್ಕ್ ಇದ್ದ ಗಾಳಿಯಲ್ಲಿ 36ಕ್ಕೆ. ಅದೇನು ಭಾರೀ ಮಾಸ್ಕ್ ಅಲ್ಲ, ಮೆಡಿಕಲ್ ಶಾಪಿನಲ್ಲಿ ಸಿಗುವಂಥ ಸಾದಾ ಸರ್ಜಿಕಲ್ ಮಾಸ್ಕ್. ಪೂರ್ತಿ ತಡೆಯಲಿಲ್ಲ ನೋಡು, ಆದರೆ ಸೋಂಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ನನ್ನದೇ ಕಥೆ ಹೇಳುತ್ತೇನೆ. ನಾನು ಆಗಿನ್ನೂ ಹೊಸದಾಗಿ ಡ್ಯೂಟಿಗೆ ಸೇರಿದ್ದೆ, ಯಾವ ಆಸ್ಪತ್ರೆ ಅನ್ನೋದು ಬೇಡ. ಸುಮ್ನೆ ನೆಗಡಿ ಕೆಮ್ಮು ಅಂತ ಬರೆಸಿಕೊಂಡು ಒಬ್ಬರು ಜನರಲ್ ವಾರ್ಡಿಗೆ ಬಂದರು, ಕಫದ ರಿಪೋರ್ಟ್ ಬರುವ ಹೊತ್ತಿಗೆ ನಾಲ್ಕು ದಿನ ಆಗಿತ್ತು, ಅಷ್ಟೂ ದಿನ ಅವರ ಬಾಯಿಗೂ ಮಾಸ್ಕ್ ಇರಲಿಲ್ಲ, ನಮ್ಮ ಬಾಯಿಗೂ ಇರಲಿಲ್ಲ. ಅವರಿಂದಲೇ ಬಂತು ಅಂತ ಆಣೆ ಮಾಡಿ ಹೇಳಲಾರೆ, ಆದರೆ ಆ ವರ್ಷ ನಾನು ಆರು ತಿಂಗಳು ಟಿಬಿ ಗುಳಿಗೆ ನುಂಗಿದೆ. ಮೊದಲ ದಿನ ಮೂತ್ರ ಕೇಸರಿ ಬಣ್ಣ ಬಂದಿದ್ದು ನೋಡಿ ಹೌಹಾರಿದ್ದೆ, ಅದು ಗುಳಿಗೆಯ ಬಣ್ಣ ಅಂತ ಆಮೇಲೆ ಯಾರೋ ಹೇಳಿದರು. ಅವತ್ತಿನಿಂದ ರಿಟೈರ್ ಆಗುವ ತನಕ ನನ್ನ ಏಪ್ರನ್ ಕಿಸೆಯಲ್ಲಿ ನಾಲ್ಕು ಮಾಸ್ಕ್ ಇದ್ದೇ ಇರುತ್ತಿದ್ದವು. ಕೆಮ್ಮುವವರು ಕಂಡರೆ ಕೈಗೆ ಕೊಟ್ಟು "ಅಜ್ಜಾರ, ಬಾಜೂಕ ಆಪರೇಷನ್ ಆದವರದಾರ, ಸ್ವಲ್ಪ ಹಾಕ್ಕೊಳ್ರಿ" ಅನ್ನುತ್ತಿದ್ದೆ. ಹಾಗೆ ಹೇಳಿದರೆ ಬೇಜಾರಾಗುವುದಿಲ್ಲ. ನಿನಗೆ ಹೇಳಲು ಆಗದಿದ್ದರೆ ಡ್ಯೂಟಿ ಸಿಸ್ಟರ್‌ಗೆ ಹೇಳು.

ಅತ್ತೆ ಕಿತ್ತು ಒಗೆದಿದ್ದಕ್ಕೆ ಬೈಯಬೇಡ. ದಮ್ಮು ಹತ್ತಿದವರಿಗೆ ಒತ್ತಾಯ ಮಾಡಬಾರದು. ಅಂಥ ಹೊತ್ತಲ್ಲಿ ಕಾಟ್ ಕಿಟಕಿ ಕಡೆ ಸರಿಸಲು ಕೇಳು. ಮತ್ತೆ ಮಾತಾಡಿಸಲು ಅಂತ ರೊಟ್ಟಿ ಬುತ್ತಿ ಕಟ್ಟಿಕೊಂಡು ಎಂಟೆಂಟು ಮಂದಿ ಒಮ್ಮೆಲೇ ಬರುತ್ತಾರಲ್ವಾ, ಅವರಲ್ಲಿ ನೆಗಡಿ ಇದ್ದವರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸು. ಬುತ್ತಿ ಮಾತ್ರ ಇಸಕೋ.

ಪ್ರಶ್ನೆ: ನಾನು ನರ್ಸಿಂಗ್ ಎರಡನೇ ವರ್ಷ. ವಾರ್ಡಿಗೆ ಮೂರು ಪದರದ ಮಾಸ್ಕ್ ಸಾಕು ಅಂತ ಸೀನಿಯರ್ಸ್ ಹೇಳುತ್ತಾರೆ. ಎನ್95 ಇಲ್ಲದೆ ಹೋಗಲೇಬೇಡ ಅಂತ ರೂಮ್‌ಮೇಟ್. ಯಾರ ಮಾತು ಕೇಳಲಿ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಟಿಬಿ, ದಡಾರ, ಕೋವಿಡ್ ಪೇಷಂಟ್ ಇದ್ದಲ್ಲಿ, ಕಫ ತೆಗೆಯುವಲ್ಲಿ, ಗಂಟಲಿಗೆ ಟ್ಯೂಬ್ ಹಾಕುವಲ್ಲಿ ರೂಮ್‌ಮೇಟ್ ಮಾತು ಕೇಳು. ದಡಾರದ ವೈರಸ್ಸು ಪೇಷಂಟ್ ಎದ್ದು ಹೋದ ಮೇಲೂ 2 ಗಂಟೆ ತನಕ ಗಾಳಿಯಲ್ಲಿ ಇರಬಲ್ಲದು. ಉಳಿದ ಮಾಮೂಲಿ ಕೆಲಸಕ್ಕೆ ಸೀನಿಯರ್ ಹೇಳಿದ್ದು ನಡೆಯುತ್ತದೆ.

ಇದರ ಬಗ್ಗೆ ಜಗಳ ಜಗತ್ತಿನಲ್ಲೇ ಇದೆ. ಕೆನಡಾ, ಇಸ್ರೇಲ್, ಪಾಕಿಸ್ತಾನ, ಈಜಿಪ್ಟ್‌ನ 29 ಕಡೆ ಸುಮಾರು ಸಾವಿರ ಆರೋಗ್ಯ ಸಿಬ್ಬಂದಿ ಮೇಲೆ ಒಂದು ಪ್ರಯೋಗ ಮಾಡಿದರು, 2022ರಲ್ಲಿ ಪ್ರಕಟವಾಯಿತು. ಸರ್ಜಿಕಲ್ ಮಾಸ್ಕ್ ಹಾಕಿದವರಲ್ಲಿ 52 ಮಂದಿಗೆ ಕೋವಿಡ್, ಎನ್95 ಹಾಕಿದವರಲ್ಲಿ 47 ಮಂದಿಗೆ. ಇಷ್ಟೇನಾ ಅನ್ನಿಸುತ್ತದೆ ಅಲ್ವಾ? ಆದರೆ ವಾರ್ಡಿನಲ್ಲಿ ಏನೇ ಹಾಕಿದರೂ ಕ್ಯಾಂಟೀನಿನಲ್ಲಿ ತೆಗೆದೇ ಚಹಾ ಕುಡಿಯಬೇಕು, ಮನೆಯಲ್ಲಿ ಅಂತೂ ಯಾರೂ ಹಾಕುವುದಿಲ್ಲ, ಸೋಂಕು ಅಲ್ಲೂ ಬರುತ್ತದೆ. ಅದಕ್ಕೇ ಈ ಲೆಕ್ಕ ನೋಡಿ ಎರಡೂ ಒಂದೇ ಅನ್ನುವವರ ಮಾತು ನಾನು ಒಪ್ಪುವುದಿಲ್ಲ.

ಎನ್95 ಅಂದರೆ 0.3 ಮೈಕ್ರಾನ್ ಕಣಗಳಲ್ಲಿ ಕನಿಷ್ಠ 95 ಶೇಕಡಾ ತಡೆಯುವಂಥದ್ದು. ಅದು ಸೋಸುವ ಪದರದ ಲೆಕ್ಕ. ಮೂಗಿನ ಪಕ್ಕ ಸಂದಿ ಬಿಟ್ಟರೆ ಗಾಳಿ ಸಲೀಸಾದ ದಾರಿಯನ್ನೇ ಹಿಡಿಯುತ್ತದೆ. ಮೂಗಿನ ಮೇಲಿನ ಪಟ್ಟಿಯನ್ನು ಎರಡೂ ಕೈಬೆರಳಿನಿಂದ ಒತ್ತು, ಒಂದೇ ಕೈಯಲ್ಲಿ ಚಿವುಟಿದರೆ ನಡುವೆ ಚೂಪಾಗಿ ಸಂದಿ ಉಳಿಯುತ್ತದೆ. ಜೋರಾಗಿ ಉಸಿರು ಎಳೆದಾಗ ಮಾಸ್ಕ್ ಮುಖಕ್ಕೆ ಅಂಟಬೇಕು. ಬಿಟ್ಟಾಗ ಚಾಳೀಸಿಗೆ ಮಂಜು ಬಂತು ಅಂದರೆ ಮೇಲಿಂದ ಸೋರುತ್ತಿದೆ. ಮೇಲಿನ ಪಟ್ಟಿ ನೆತ್ತಿ ಮೇಲೆ ಕೂರಬೇಕು, ಮಲ್ಲಿಗೆ ಮಾಲೆ ಮುಡಿದ ದಿನ ಅದು ಜಾರಿ ಕುತ್ತಿಗೆಗೆ ಇಳಿಯುವುದನ್ನು ನಾನು ಎಷ್ಟು ಸಲ ನೋಡಿಲ್ಲ! ನಿಮ್ಮ ಕ್ಲಾಸಿನ ಹುಡುಗರಿಗೂ ಹೇಳು, ಗಡ್ಡದ ಮೇಲೆ ಎನ್95 ಕೂರುವುದಿಲ್ಲ.

ಪ್ರಶ್ನೆ: ಎನ್95 ತುಟ್ಟಿ. ಸೋಪಿನ ನೀರಲ್ಲಿ ಒಗೆದು ಬಿಸಿಲಿಗೆ ಹಾಕಿದರೆ ನಡೆಯುತ್ತದಾ? ಮುಂದೆ ಬಟನ್ ಇದ್ದಿದ್ದು ಒಳ್ಳೆಯದಂತೆ, ಹೌದಾ?
— ಆಟೋ ಚಾಲಕ, ಗದಗ

ಉತ್ತರ: ಒಗೆಯಬೇಡಿ ಅಣ್ಣಾ. ಒಳಗಿನ ಪದರಕ್ಕೆ ವಿದ್ಯುತ್ತಿನ ಸೆಳೆತ ಇರುತ್ತದೆ, ಸಣ್ಣ ಕಣಗಳನ್ನು ಹಿಡಿಯುವುದು ಅದೇ. ಸೋಪು ಬಿದ್ದರೆ ಅದು ಹೋಗುತ್ತದೆ. ಬಟನ್ ಇದ್ದಿದ್ದು ನಿಮ್ಮ ಉಸಿರನ್ನು ಸೋಸದೇ ಹೊರಗೆ ಬಿಡುತ್ತದೆ. ಕೆಮ್ಮು ಇದ್ದರೆ ನಿಮ್ಮ ಪ್ಯಾಸೆಂಜರ್‌ಗೆ ಅದರಿಂದ ಬಟನ್ ಇಲ್ಲದ್ದರಷ್ಟು ಉಪಯೋಗ ಇಲ್ಲ.

ಪ್ರಶ್ನೆ: ನಮ್ಮ ಅಪ್ಪ ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ಹಮಾಲಿ ಮಾಡುತ್ತಾರೆ. ಘಾಟಿಗೆ ಬಾಯಿಗೆ ಟವೆಲ್ ಕಟ್ಟುತ್ತಾರೆ. ಮೂರು ವಾರದಿಂದ ಕೆಮ್ಮು, ಘಾಟಿನದು ಬಿಡು ಅನ್ನುತ್ತಾರೆ. ಆಸ್ಪತ್ರೆಗೂ ಅದೇ ಟವೆಲ್ ಸಾಕಾ?
— ಬ್ಯಾಡಗಿ

ಉತ್ತರ: ಟವೆಲ್ ಚಿಂತೆ ಆಮೇಲೆ ಮಾಡಪ್ಪಾ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಲೇಬೇಕು. ಘಾಟಿನ ಕೆಮ್ಮೇ ಇರಬಹುದು, ಆದರೆ ಅದನ್ನು ಹೇಳಬೇಕಾದವರು ಅಪ್ಪ ಅಲ್ಲ, ಲ್ಯಾಬ್. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧ ಎರಡೂ ಪುಕ್ಕಟೆ. ಟಿಬಿ ಅಂತ ಆದರೆ ಊಟಕ್ಕೆ ತಿಂಗಳಿಗೆ 1000 ರೂಪಾಯಿ ಖಾತೆಗೆ ಬರುತ್ತದೆ, ಮೊದಲು 500 ಇತ್ತು, 2024ರ ನವೆಂಬರ್‌ನಿಂದ ಏರಿಸಿದ್ದಾರೆ. ಆಗ ಮನೆಯವರೆಲ್ಲ ತಪಾಸಣೆ ಮಾಡಿಸಿಕೊಳ್ಳಿ.

ಆಸ್ಪತ್ರೆಗೆ ಟವೆಲ್ ಸಾಲದು. ವಿಯೆಟ್ನಾಂನ ಹನೋಯ್‌ನಲ್ಲಿ 14 ಆಸ್ಪತ್ರೆಗಳ ಸಿಬ್ಬಂದಿ ಮೇಲೆ ಮಾಡಿದ ಅಧ್ಯಯನ 2015ರಲ್ಲಿ ಬಂತು. ಸರ್ಜಿಕಲ್ ಮಾಸ್ಕಿನವರಿಗಿಂತ ಬಟ್ಟೆ ಮಾಸ್ಕಿನವರೇ ಜಾಸ್ತಿ ಜಡ್ಡು ಬಿದ್ದರು. ಯಂತ್ರದಲ್ಲಿಟ್ಟು ನೋಡಿದರೆ ಆ ಬಟ್ಟೆಯಲ್ಲಿ 97 ಶೇಕಡಾ ಕಣ ದಾಟಿ ಹೋದವು. ಅಪ್ಪನಿಗೆ ಸರ್ಜಿಕಲ್ ಮಾಸ್ಕ್ ಹಾಕಿಸಿ ಕರೆದುಕೊಂಡು ಹೋಗು. ತಂಬಾಕು ಉಗುಳಲು ಕೆಳಗೆ ಎಳೆಯದ ಹಾಗೆ ಮಾತ್ರ ನೋಡಿಕೋ.

ಪ್ರಶ್ನೆ: ಸಣ್ಣ ಕ್ಲಿನಿಕ್‌ನಲ್ಲಿ ಕಂಪೌಂಡರ್ ಆಗಿದ್ದೇನೆ. ಪೇಷಂಟ್ ಕೂರುವ ಕೋಣೆಗೆ ಸಾಹೇಬರು ಎಸಿ ಹಾಕಿಸಿದ್ದಾರೆ, ಕಿಟಕಿ ತೆಗೆಯಲು ಬಿಡುವುದಿಲ್ಲ. ಎಲ್ಲರಿಗೂ ಮಾಸ್ಕ್ ಕೊಟ್ಟರೆ ಆಯಿತಲ್ವಾ?
— ಹಳೇ ಹುಬ್ಬಳ್ಳಿ

ಉತ್ತರ: ಆಗಲಿಲ್ಲ. ಗೋಡೆಗೆ ಹಾಕುವ ಎಸಿ ಹೊರಗಿನ ಗಾಳಿ ತರುವುದಿಲ್ಲ, ಒಳಗಿನದನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ. ಒಬ್ಬರು ಕೆಮ್ಮಿದ್ದನ್ನು ಹತ್ತು ಮಂದಿ ಹಂಚಿಕೊಂಡ ಹಾಗೆ. ಪೆರು ದೇಶದ ಲಿಮಾದಲ್ಲಿ ಅಳೆದು ನೋಡಿದ್ದಾರೆ, 2007ರಲ್ಲಿ ಪ್ರಕಟವಾಗಿದೆ. ಕಿಟಕಿ ಬಾಗಿಲು ತೆರೆದಿಟ್ಟ ಕೋಣೆಗಳಲ್ಲಿ ಗಂಟೆಗೆ ಸುಮಾರು 28 ಸಲ ಗಾಳಿ ಬದಲಾಯಿತು. ದುಡ್ಡು ಸುರಿದು ಯಂತ್ರದಿಂದ ಗಾಳಿ ಹಾಯಿಸುವ ಕೋಣೆಗಳ ಲೆಕ್ಕ ಇರುವುದು 12 ಸಲ. ಎತ್ತರದ ಛಾವಣಿ, ದೊಡ್ಡ ಕಿಟಕಿ ಇದ್ದ ಹಳೇ ಕಟ್ಟಡಗಳೇ ಗೆದ್ದವು. ಸಾಹೇಬರಿಗೆ ಇಷ್ಟು ಹೇಳಿ, ಎದುರುಬದುರಿನ ಎರಡು ಕಿಟಕಿ ತೆಗೆಸಿ. ಒಂದೇ ಕಿಟಕಿ ಇದ್ದರೆ ಎದುರಿನ ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಕೆಮ್ಮುವವರನ್ನು ಹೊರಗಿನ ಕಟ್ಟೆ ಮೇಲೆ ಕೂರಿಸಿ, ಮಾಸ್ಕ್ ಕೊಟ್ಟು ಮೊದಲ ನಂಬರ್ ಕೊಟ್ಟುಬಿಡಿ. ಸೊಳ್ಳೆ ಬರುತ್ತವೆ ಅಂದರೆ ಜಾಳಿಗೆ ಹಾಕಿಸಬಹುದು, ಆದರೆ ಹದಿನೈದು ದಿನಕ್ಕೊಮ್ಮೆ ಒರೆಸಿ. ಹುಬ್ಬಳ್ಳಿ ಧೂಳಿಗೆ ಜಾಳಿಗೆ ಗೋಡೆ ಆಗಲು ಅಷ್ಟೇ ದಿನ ಸಾಕು.