ಎಣ್ಣೆಯ ಕಲೆ ಇರಲಿ, ತಿಂಡಿಯ ಚೂರು ಬೇಡ

ಓದುಗರ ಪತ್ರ: ಚಿಕ್ಕಂದಿನಲ್ಲಿ ಕರಿದ ತಿಂಡಿ ಮೆಲ್ಲುತ್ತಾ ಓದಿದ ಕಥೆಪುಸ್ತಕ ಅಟ್ಟದಲ್ಲಿ ಸಿಕ್ಕಿತು. ತೆರೆದೊಡನೆ ಆ ತಿಂಡಿಯೇ ನಾಲಿಗೆಗೆ ಬಂದಂತಾಗುತ್ತದೆ, ಏಕೆ? ಪುಟಗಳ ಎಣ್ಣೆಕಲೆ ತೆಗೆಯುವುದು ಹೇಗೆ?

ಸಂಪಾದಕರ ಉತ್ತರ: ಕಲೆಯ ಗೊಡವೆಗೆ ಹೋಗಬೇಡಿ. ನಾರುಗಳ ನಡುವಿನ ಗಾಳಿ ಬೆಳಕನ್ನು ಚದುರಿಸುವುದರಿಂದ ಕಾಗದ ಬೆಳ್ಳಗೆ ಕಾಣುತ್ತದೆ. ಎಣ್ಣೆ ಆ ಸಂದುಗಳನ್ನು ತುಂಬಿದರೆ ಬೆಳಕು ತೂರಿಹೋಗುತ್ತದೆ, ಹಿಂಬದಿಯ ಅಕ್ಷರ ಈಚೆಗೆ ಇಣುಕುತ್ತದೆ. ವರ್ಷಗಟ್ಟಲೆ ಗಾಳಿಯಾಡಿದ ಎಣ್ಣೆ ಗಟ್ಟಿಯಾಗಿ, ಕಂದಾಗಿ ನಾರಿಗೇ ಕಚ್ಚಿಕೊಂಡಿರುತ್ತದೆ. ಥಿನ್ನರ್ ಸವರಿದರೆ ಶಾಯಿ ಕದಡೀತು, ಕಲೆಯ ಸುತ್ತ ಹೊಸ ಉಂಗುರ ಮೂಡೀತು. ನಿಮ್ಮ ಪುಸ್ತಕದಲ್ಲೂ ಕಲೆ ಹೆಚ್ಚಾಗಿ ಬಲಪುಟದ ಕೆಳಮೂಲೆಯಲ್ಲಿ, ಹೆಬ್ಬೆರಳಿನಗಲ ಇರಬೇಕು. ಪುಟ ತಿರುವಿದ ಕೈಯ ಗುರುತು ಅದು.

ಇವತ್ತು ಬಿದ್ದ ಕಲೆಯಾದರೆ ಮಾತು ಬೇರೆ. ಉಜ್ಜದೆ, ಪುಟದ ಎರಡೂ ಬದಿಗೆ ಹೀರುಕಾಗದ ಒತ್ತಿ. ಆಮೇಲೆ ಎರಡೂ ಬದಿ ಮೆಕ್ಕೆಜೋಳದ ಪಿಷ್ಟ ಉದುರಿಸಿ, ಆಚೀಚೆ ಬಿಳಿ ಕಾಗದವಿಟ್ಟು, ಮೇಲೆ ಭಾರ ಹೇರಿ 24 ಗಂಟೆ ಬಿಡಿ. ಪುಡಿಯನ್ನು ಮೆತ್ತನೆಯ ಬ್ರಷ್ಷಿನಿಂದ ಪೂರ್ತಿ ಗುಡಿಸಿ. ಬೇಕಾದರೆ ಇನ್ನೊಮ್ಮೆ ಮಾಡಿ. ಬಿಸಿ ಇಸ್ತ್ರಿ ಇಡುವವರಿದ್ದಾರೆ. ಎಣ್ಣೆ ತೆಳುವಾಗಿ ಇನ್ನಷ್ಟು ಹರಡುವುದೇ ಅದರಿಂದಾಗುವ ಲಾಭ.

ನಿಜವಾದ ಶತ್ರು ಹೊಲಿಗೆಯ ಸಂದಿನಲ್ಲಿ ಕುಳಿತ ತಿಂಡಿಯ ಚೂರು. ಅದರ ಜಾಡು ಹಿಡಿದು ಬಂದ ಜಿರಲೆ ರಟ್ಟಿನ ಅಂಟನ್ನೂ ಬಿಡುವುದಿಲ್ಲ. ಪುಸ್ತಕವನ್ನು ಅರ್ಧವಷ್ಟೇ ಬಿಚ್ಚಿ, ಬ್ರಷ್ಷನ್ನು ಸಂದಿನುದ್ದಕ್ಕೂ ಮೇಲಿನಿಂದ ಕೆಳಕ್ಕೆ ಎಳೆಯಿರಿ. ಹುಳುವಿನ ಅನುಮಾನವಿದ್ದರೆ ಪಾಲಿಥಿನ್ ಚೀಲದಲ್ಲಿ ಗಾಳಿ ಹಿಂಡಿ ಬಿಗಿದು, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ಪುಟಗಳು ಬೆವರುತ್ತವೆ.

ಇನ್ನು ನಾಲಿಗೆಯ ಸಂಗತಿ. ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ವಾಸನೆಯದು. ನೆಗಡಿಯಾದಾಗ ಊಟ ಸಪ್ಪೆಯಾಗುವುದು ಅದಕ್ಕೇ. ಮೂಗಿನ ಸುದ್ದಿ ಮಿದುಳಿನಲ್ಲಿ ಭಾವನೆ, ನೆನಪುಗಳ ಜಾಗಕ್ಕೆ ಕಣ್ಣು ಕಿವಿಗಳ ಸುದ್ದಿಗಿಂತ ಹತ್ತಿರದ ದಾರಿಯಲ್ಲಿ ತಲುಪುತ್ತದೆ. ಹಳೆಯ ಕಾಗದದ ವಾಸನೆ, ಕಮಟು ಎಣ್ಣೆಯ ವಾಸನೆ ಎರಡೂ ಆ ಪುಟಗಳಲ್ಲಿ ಇನ್ನೂ ಇವೆ. ಅವು ಆರಿಹೋಗದಂತಿರಲು ಪುಸ್ತಕವನ್ನು ಬಿಸಿಲಿಗೆ ಹರವಬೇಡಿ.