ದಿನಾ ಕುಡಿಯಲು ಮಸಾಲೆ ಹಾಕಿದ ನೀರನ್ನು ಮನೆಯಲ್ಲೇ ಮಾಡುವುದು ಹೇಗೆ?

ಜೀರಿಗೆ ನೀರಿನಿಂದ ಶುರು ಮಾಡಿ. ಕರಾವಳಿಯ ಎಷ್ಟೋ ಮನೆಗಳಲ್ಲಿ ಊಟಕ್ಕೆ ಕೂತಾಗ ಕೊಡುವುದು ಇದನ್ನೇ. ಇದರಿಂದ ಬೊಜ್ಜು ಕರಗುತ್ತದೆ ಅನ್ನುವುದು ಸುಮ್ನೆ ಮಾತು. ಆದರೆ ಸಕ್ಕರೆ ಹಾಕಿದ ಜ್ಯೂಸಿನ ಬದಲು ಕುಡಿದರೆ ಅಷ್ಟು ಸಕ್ಕರೆ ತಪ್ಪಿತು, ಅಲ್ವಾ?

1 ಲೀಟರ್ ನೀರಿಗೆ 1 ಟೀ ಚಮಚ ಜೀರಿಗೆ ಸಾಕು. ನೀರು ಕುದಿ ಬಂದ ಮೇಲೆ ಹಾಕಿ, ಸಣ್ಣ ಉರಿಯಲ್ಲಿ 5 ನಿಮಿಷ ಬಿಡಿ. ಒಲೆ ಆರಿಸಿ ಮುಚ್ಚಳ ಮುಚ್ಚಿ. ಈ ಮುಚ್ಚಳ ಮರೆಯಬೇಡಿ. ಜೀರಿಗೆಯ ಘಮ ಇರುವುದು ಅದರ ಎಣ್ಣೆಯಲ್ಲಿ, ಅದು ಆವಿಯ ಜೊತೆ ಹಾರಿಹೋಗುತ್ತದೆ. 10 ನಿಮಿಷ ಬಿಟ್ಟು ಸೋಸಿ. ನೀರು ತಿಳಿ ಹಳದಿ ಇದ್ದರೆ ಸರಿ. ಬಣ್ಣ ಗಾಢವಾಗಿ ಕಹಿ ಬಂತೆಂದರೆ ಜಾಸ್ತಿ ಕುದಿಸಿದ್ದೀರಿ, ಅದು ಕಷಾಯ ಆಯ್ತು! ಪುಡಿ ಹಾಕಬೇಡಿ, ನೀರು ಕದಡುತ್ತದೆ. ಅಂದು ಮಾಡಿದ್ದು ಅಂದೇ ಖಾಲಿಯಾಗಲಿ.

ಬೇಸಿಗೆಗೆ ನನ್ನ ಮೆಚ್ಚು ಲಾವಂಚ. ಅದು ಮಸಾಲೆ ಅಲ್ಲ, ಬೇರು, ಇರಲಿ ಬಿಡಿ. ಚೆನ್ನಾಗಿ ತೊಳೆದು, ಕಾಯಿಸಿ ಆರಿಸಿದ ನೀರಿರುವ ಮಡಕೆಗೆ ರಾತ್ರಿ ಹಾಕಿಡಿ.

ಚಕ್ಕೆ ಹಾಕುವಾಗ ಮಾತ್ರ ಹುಷಾರು. ಅಂಗಡಿಯ ದಪ್ಪ ಚಕ್ಕೆ ಹೆಚ್ಚಾಗಿ ಕ್ಯಾಸಿಯಾ ಅನ್ನುವ ಬೇರೆ ಜಾತಿಯದು. ಅದರಲ್ಲಿ ಕೂಮರಿನ್ ಅನ್ನುವ ರಾಸಾಯನಿಕ ಅಂಶ ಜಾಸ್ತಿ, ದಿನಾ ತುಂಬಾ ಸೇರಿದರೆ ಲಿವರ್‌ಗೆ ತೊಂದರೆ. ಇನ್ನು ಮೆಂತ್ಯ ನೀರು: ಶುಗರ್ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಯೇ ಕುಡಿಯಿರಿ, ಎರಡೂ ಸೇರಿ ಶುಗರ್ ತೀರಾ ಇಳಿಯಬಹುದು.